ಬಾಗಿಲು ತೆರೆಯುವವರೆಗೂ ತಟ್ಟಬೇಕು

ಪ್ರಶ್ನೆ: ಐವತ್ತು ದಿನದ ಲ್ಯಾಬ್ರಡಾರ್ ಮರಿ ತಂದಿದ್ದೇವೆ. ಒಂದು ಲಸಿಕೆ ಆಗಿದೆ. ಅದನ್ನೇ ಇನ್ನೂ ಎರಡು ಮೂರು ಸಲ ಹಾಕಿಸಬೇಕಂತೆ. ಇದು ಬರೀ ವ್ಯಾಪಾರವಲ್ಲವೇ? ಅಲ್ಲಿಯವರೆಗೆ ಮರಿಯನ್ನು ಮನೆಯೊಳಗೇ ಇಟ್ಟುಕೊಳ್ಳಬೇಕೇ? ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ. ಎಷ್ಟು ಕೊಡಬಹುದು?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ಸಿರಪ್ಪನ್ನು ಇಂದೇ ನಿಲ್ಲಿಸಿ. ಬೇಡದ ಕ್ಯಾಲ್ಸಿಯಂ ಅನ್ನು ತಡೆಯುವ ಶಕ್ತಿ ಎಳೆಯ ಮರಿಯ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತದೆ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯಲ್ಲಿ ಅದು ಮೂಳೆ, ಕೀಲುಗಳ ಬೆಳವಣಿಗೆಯನ್ನೇ ಕೆಡಿಸುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರ ಕೊಡುತ್ತಿದ್ದರೆ ಬೇಕಾದಷ್ಟು ಕ್ಯಾಲ್ಸಿಯಂ ಅದರಲ್ಲೇ ಇರುತ್ತದೆ. ಗುಂಡಗೆ ಬೆಳೆಸುವ ಆಸೆಯನ್ನೂ ಬಿಡಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ತಾಕಬೇಕು.

ಇನ್ನು ಲಸಿಕೆ. ‘ಬೂಸ್ಟರ್’ ಎಂಬ ಹೆಸರೇ ಜನರ ದಾರಿ ತಪ್ಪಿಸಿದೆ ಎಂಬುದು ನನ್ನ ಹಳೆಯ ತಕರಾರು. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಪ್ರತಿಕಾಯಗಳು ಬಂದಿರುತ್ತವೆ. ಅವು ರೋಗವನ್ನು ತಡೆಯುವಂತೆ ನಾವು ಹಾಕಿದ ಲಸಿಕೆಯನ್ನೂ ಹೊಡೆದುಹಾಕುತ್ತವೆ. ಅವು ಯಾವಾಗ ಕರಗುತ್ತವೆ ಎಂದು ಹೊರಗಿನಿಂದ ಹೇಳಲಾಗದು. ಒಂದೇ ಸೂಲಿನ ಮರಿಗಳಲ್ಲಿ ಒಂದಕ್ಕೆ ಎಂಟನೆಯ ವಾರ, ಇನ್ನೊಂದಕ್ಕೆ ಹದಿನಾಲ್ಕನೆಯ ವಾರ ಆಗಬಹುದು. ಆದ್ದರಿಂದಲೇ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಹಾಕುತ್ತೇವೆ. ಹಿಂದಿನ ಲಸಿಕೆಗೆ ಬಲ ತುಂಬುವುದಕ್ಕಿಂತ ಹೆಚ್ಚಾಗಿ, ಬಾಗಿಲು ತೆರೆದಿದೆಯೇ ಎಂದು ಮತ್ತೆ ಮತ್ತೆ ತಟ್ಟಿ ನೋಡುವ ಕೆಲಸ ಅದು. ತಾಯಿಯ ರಕ್ಷಣೆ ರೋಗ ತಡೆಯಲು ಸಾಲದಷ್ಟು ಇಳಿದು, ಲಸಿಕೆಗೆ ಅಡ್ಡಿಯಾಗುವಷ್ಟು ಮಾತ್ರ ಉಳಿದಿರುವ ಕೆಲವು ದಿನಗಳಿರುತ್ತವೆ. ಪಾರ್ವೋ ಎಂಬ, ಮರಿಗಳ ಕರುಳನ್ನು ಕೆಡಿಸಿ ಕೊಲ್ಲಬಲ್ಲ ವೈರಾಣು ನುಗ್ಗುವುದು ಆ ಸಂದಿನಲ್ಲಿ.

ಇದನ್ನು ಓದಿ ಕಲಿತ ನಾನೇ ಎಡವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನದೊಂದು ಕಪ್ಪು ಮರಿಯಿತ್ತು. ಒಂದು ಲಸಿಕೆಯಾಗಿತ್ತು. ಹಿಂದಿನ ವರ್ಷ ನಾಯಿಯೊಂದು ಪಾರ್ವೋದಿಂದ ಸತ್ತ ಅಂಗಳವೆಂದು ಗೊತ್ತಿದ್ದೂ ಅಲ್ಲಿ ಆಡಲು ಬಿಟ್ಟೆ. ಆ ವೈರಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು, ಬರೀ ಸೋಪಿಗೆ ಜಗ್ಗದು. ವಾರದೊಳಗೆ ಒಂದು ಬೆಳಿಗ್ಗೆ ಮರಿ ನೀರಿನ ಬಟ್ಟಲಿನ ಮೇಲೆ ತಲೆ ಜೋತುಹಾಕಿಕೊಂಡು ನಿಂತಿತ್ತು. ಮೂಗು ನೀರಿಗೆ ತಾಗುತ್ತಿತ್ತು, ಕುಡಿಯುತ್ತಿರಲಿಲ್ಲ. ಮಧ್ಯಾಹ್ನಕ್ಕೆ ವಾಂತಿ, ರಾತ್ರಿ ರಕ್ತಭೇದಿ. ನಾಲ್ಕು ದಿನ ಡ್ರಿಪ್ ಹಾಕಿ ಉಳಿಸಿಕೊಂಡೆ. ಎಲ್ಲ ಮರಿಗಳೂ ಹಾಗೆ ಉಳಿಯುವುದಿಲ್ಲ. ವಾಂತಿಯ ಜೊತೆಗೆ ಮಂಕು ಕಂಡರೆ ‘ನಾಳೆ ನೋಡೋಣ’ ಎನ್ನಬೇಡಿ.

ಹಾಗೆಂದು ಮನೆಯೊಳಗೆ ಕೂಡಿಹಾಕಲೂ ಬೇಡಿ. ಮೂರರಿಂದ ಹದಿನಾಲ್ಕನೆಯ ವಾರದವರೆಗೆ ಮರಿ ಲೋಕದ ಪರಿಚಯ ಮಾಡಿಕೊಳ್ಳುತ್ತದೆ. ಆಗ ಕಾಣದ್ದಕ್ಕೆಲ್ಲ ಮುಂದೆ ಹೆದರುವ ಸಾಧ್ಯತೆ ಹೆಚ್ಚು. ಎತ್ತಿಕೊಂಡು ಹೋಗಿ ಛತ್ರಿ, ಲಾರಿ, ಕಿರುಚುವ ಮಕ್ಕಳು, ಗಡ್ಡದ ಗಂಡಸರು ಎಲ್ಲವನ್ನೂ ತೋರಿಸಿ. ಲಸಿಕೆ ಪೂರ್ಣಗೊಂಡ ಆರೋಗ್ಯವಂತ ನಾಯಿಯ ಜೊತೆ ಆಡಲಿ. ಅಪರಿಚಿತ ನಾಯಿಗಳು ಓಡಾಡುವ ನೆಲಕ್ಕೆ ಮಾತ್ರ ಇಳಿಸಬೇಡಿ.

ನೀವು ಜಂತುಹುಳುವಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಬಂದಿರಬಹುದು. ಮಲದಲ್ಲಿ ಕಾಣುವವರೆಗೆ ಕಾಯದೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧಿ ಕೊಡಿಸಿ. ಪ್ರಮಾಣ ತೂಕದ ಮೇಲೆ ನಿಂತಿದೆ. ಮರಿಯನ್ನು ಎತ್ತಿಕೊಂಡು ತಕ್ಕಡಿ ಏರಿ, ನಿಮ್ಮ ತೂಕ ಕಳೆಯಿರಿ.

ಪ್ರಶ್ನೆ: ನಾಲ್ಕು ತಿಂಗಳ ಮರಿ ಚಪ್ಪಲಿ ಕಡಿಯುವಾಗ ಹಲ್ಲೊಂದು ಕಿತ್ತು ಬಂತು, ರಕ್ತವೂ ಬಂತು. ಏನು ಮಾಡಲಿ?

ಉತ್ತರ: ಚಪ್ಪಲಿಯನ್ನು ಮೇಲೆತ್ತಿಡಿ. ಬಿದ್ದದ್ದು ಹಾಲುಹಲ್ಲು. ಅವು 28 ಇರುತ್ತವೆ, ಆರೇಳು ತಿಂಗಳ ಹೊತ್ತಿಗೆ ಅವುಗಳ ಜಾಗದಲ್ಲಿ 42 ಬರುತ್ತವೆ. ಎಷ್ಟೋ ಹಲ್ಲುಗಳನ್ನು ಮರಿಯೇ ನುಂಗಿಬಿಡುತ್ತದೆ, ಏನೂ ಆಗುವುದಿಲ್ಲ. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯದೂ ಅಲುಗದೆ ನಿಂತಿದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಿ.