ಹಾಡಿಗೆ ಕಾದು ಕೂತಾಗ ಕೇಳಿದ್ದು

ಪ್ರಿಯ ಓದುಗರೇ,

ನಿಮ್ಮ ಪತ್ರ ಕೈಸೇರಿತು. ಆಕಾಶವಾಣಿಯ ಸಂಜೆ ಕಾರ್ಯಕ್ರಮಗಳಿಗೆ ಕಳೆದ ಸಂಚಿಕೆಯಲ್ಲಿ ಆರು ಪುಟ ಕೊಟ್ಟಿದ್ದು ಜಾಸ್ತಿಯಾಯಿತು ಎಂದು ಬರೆದಿದ್ದೀರಿ. ‘ಸಂಗೀತ ಬೇಕಾದವರಿಗೆ ಸಂಗೀತ, ಕವಿತೆ ಬೇಕಾದವರಿಗೆ ಕವಿತೆ, ವಿಜ್ಞಾನ ಬೇಕಾದವರಿಗೆ ವಿಜ್ಞಾನ ಈಗ ಫೋನಿನಲ್ಲೇ ಸಿಗುತ್ತದೆ. ಮೂರನ್ನೂ ಒಂದೇ ಸಂಜೆ ಒಬ್ಬರ ಕಿವಿಗೆ ಹಾಕುವ ಪದ್ಧತಿಯನ್ನು ಯಾಕೆ ಇಷ್ಟು ಹೊಗಳುತ್ತೀರಿ?’ ಎಂಬುದು ನಿಮ್ಮ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಾನು ಬೆಳೆದದ್ದು ಕೊಳ್ಳೇಗಾಲದ ಕಡೆಯ ಹಳ್ಳಿಯಲ್ಲಿ. ಅಡುಗೆಮನೆ ಬಾಗಿಲ ಪಕ್ಕದ ಗೂಡಿನಲ್ಲಿ ನಮ್ಮ ಟ್ರಾನ್ಸಿಸ್ಟರ್ ಇರುತ್ತಿತ್ತು. ಹಗಲು ಮುಳ್ಳನ್ನು ಧಾರವಾಡಕ್ಕೆ ತಿರುಗಿಸಿದರೆ ಬರೀ ಗೊರಗೊರ. ದೀಪ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಅದೇ ಜಾಗದಲ್ಲಿ ಧಾರವಾಡ ಮೆಲ್ಲಗೆ ಎದ್ದು ಬರುತ್ತಿತ್ತು. ಜೊತೆಗೆ ಇನ್ಯಾವುದೋ ಭಾಷೆಯ ಸ್ಟೇಷನ್ನೂ ನುಗ್ಗುತ್ತಿತ್ತು. ಆಗ ಅಪ್ಪ ಎದ್ದು ರೇಡಿಯೊವನ್ನು ಇಷ್ಟಿಷ್ಟೇ ಹೊರಳಿಸುತ್ತಿದ್ದರು. ಗೋಡೆಗೆ ಓರೆಯಾಗಿ ನಿಂತಾಗ ಆ ಬೇರೆ ದನಿ ತಟ್ಟನೆ ಅಡಗುತ್ತಿತ್ತು. ‘ಇನ್ನು ಯಾರೂ ಮುಟ್ಬೇಡಿ’ ಅನ್ನುತ್ತಿದ್ದರು.

ಕರ್ನಾಟಕ ಸಂಗೀತ ಬಿಟ್ಟರೆ ಬೇರೆ ಗೊತ್ತಿಲ್ಲದ ಮನೆ ನಮ್ಮದು. ಹಿಂದೂಸ್ತಾನಿ ಆಲಾಪ ಬಂದರೆ ಅಮ್ಮ, ‘ಇದೇನು, ಇನ್ನೂ ಹಾಡೋಕೆ ಶುರುನೇ ಮಾಡ್ಲಿಲ್ವಲ್ಲ’ ಅನ್ನುತ್ತಿದ್ದರು. ಆದರೆ ಮುಂದೆ ಭಾವಗೀತೆ ಇತ್ತಲ್ಲ, ಅದಕ್ಕೆ ಕಾಯಬೇಕು. ರೇಡಿಯೊ ಆರಿಸುತ್ತಿರಲಿಲ್ಲ. ಹೀಗೆ ಕಾಯುತ್ತಾ ಕಾಯುತ್ತಾ ಮಲ್ಲಿಕಾರ್ಜುನ ಮನ್ಸೂರರ ದನಿ ಅಮ್ಮನಿಗೆ ಹತ್ತಿರವಾಯಿತು. ಕೊನೆಕೊನೆಗೆ ಅವರ ಹಾಡಿದ್ದರೆ ಒಲೆ ಮೇಲಿನ ಸಾರನ್ನು ಇಳಿಸಿಟ್ಟು ಬಂದು ಕೂರುತ್ತಿದ್ದರು.

ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಬೇಂದ್ರೆಯವರೂ ಆ ನಿಲಯಕ್ಕೆ ಸಲಹೆಗಾರರಾಗಿದ್ದವರು. ಹಾಡಿನ ಪಕ್ಕ ಕವಿತೆ ಸುಮ್ನೆ ಬಂದು ಕೂತದ್ದಲ್ಲ, ಅಲ್ವಾ? ಅದಕ್ಕೂ ಮೊದಲು, 1935ರಲ್ಲಿ, ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಮೇಷ್ಟ್ರು. ಅವರ ಕೈಯಲ್ಲಿದ್ದದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್, ಒಂದು ಸಣ್ಣ ಬಲ್ಬಿನಷ್ಟು ಶಕ್ತಿ. ಆ ಪುಟ್ಟ ನಿಲಯಕ್ಕೆ ನಾ. ಕಸ್ತೂರಿಯವರು ಸೂಚಿಸಿದ ‘ಆಕಾಶವಾಣಿ’ ಎಂಬ ಹೆಸರೇ ಆಮೇಲೆ ಇಡೀ ದೇಶದ್ದಾಯಿತು.

ಇನ್ನು ವಿಜ್ಞಾನ. ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಹಾಡು ಮುಗಿದು ಭಾಷಣ ಶುರುವಾಯಿತು. ದೂರದ ಸ್ಟೇಷನ್ನುಗಳು ರಾತ್ರಿ ಮಾತ್ರ ಯಾಕೆ ಕೇಳಿಸುತ್ತವೆ ಎಂಬುದೇ ವಿಷಯ. ಹಗಲು ಬಿಸಿಲಿನಿಂದಾಗಿ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಕಣಗಳ ಪದರ ಏಳುತ್ತದೆ. ಮೇಲೆ ಹೋಗುವ ಮಧ್ಯಮ ತರಂಗಗಳನ್ನು (ಮೀಡಿಯಂ ವೇವ್) ಅದು ಹೀರಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರದವರೆಗೆ ಹೋಗಿ, ಅಲ್ಲಿಂದ ಬಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಅಪ್ಪ ಕಲಸಿದ ತುತ್ತನ್ನು ಕೈಯಲ್ಲೇ ಹಿಡಿದು ಗೂಡಿನ ಕಡೆ ನೋಡುತ್ತಿದ್ದರು. ಅಮ್ಮ, ‘ಹಂಗಾದ್ರೆ ಮನ್ಸೂರರು ಆಕಾಶ ಮುಟ್ಟೇ ನಮ್ಮನೆಗೆ ಬರೋದು’ ಅಂದರು.

ಈ ಭಾಷಣವನ್ನು ಅಪ್ಪ ಹುಡುಕಿ ಕೇಳಿದ್ದಲ್ಲ. ಹುಡುಕಬೇಕು ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ನಮಗೆ ಬೇಕಾದದ್ದು ಸಿಗುತ್ತದೆ, ನಿಜ. ನಾನೂ ದಿನಾ ಕೇಳುತ್ತೇನೆ. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾಗಿ ಬೆಂಗಳೂರಿನಲ್ಲಿ ಶುರುವಾದ ಅಮೃತವರ್ಷಿಣಿ ರೇಡಿಯೊ ವಾಹಿನಿ ಎಂದರೆ ನನಗೆ ತುಂಬಾ ಪ್ರೀತಿ. ಆದರೆ ಅಂಥ ಕಡೆಗೆ ಹೋಗುವವರು ಆಗಲೇ ಸಂಗೀತದ ರುಚಿ ಹತ್ತಿದವರು. ನಮ್ಮಮ್ಮ ಹೋಗುತ್ತಿರಲಿಲ್ಲ. 1991ರಲ್ಲಿ ಆಕಾಶವಾಣಿ ಮಾನವ ವಿಕಾಸದ ಬಗ್ಗೆ ನೂರಕ್ಕೂ ಹೆಚ್ಚು ಕಂತುಗಳ ಸರಣಿಯನ್ನು 18 ಭಾಷೆಗಳಲ್ಲಿ ತಂದಾಗಲೂ, ಅದನ್ನು ಕೇಳಿದ ಎಷ್ಟೋ ಮನೆಗಳವರು ರೇಡಿಯೊ ಹಾಕಿದ್ದು ಬೇರೆ ಯಾವುದೋ ಕಾರ್ಯಕ್ರಮಕ್ಕೇ ಇರಬೇಕು.

ಒಂದು ಮಾತು ಒಪ್ಪುತ್ತೇನೆ. ಆರು ಪುಟದಲ್ಲಿ ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ಎಲ್ಲೂ ಹಾಕಿಲ್ಲ ಎಂದಿದ್ದೀರಿ. ಅದು ನಮ್ಮದೇ ತಪ್ಪು. ಮುಂದಿನ ಸಂಚಿಕೆಯಲ್ಲಿ ವೇಳಾಪಟ್ಟಿ ಇರುತ್ತದೆ. ಸದ್ಯಕ್ಕೆ ಒಂದನ್ನು ಗುರುತು ಹಾಕಿಕೊಳ್ಳಿ: ಗಣರಾಜ್ಯೋತ್ಸವದ ಹಿಂದಿನ ರಾತ್ರಿ, ಜನವರಿ 25ಕ್ಕೆ, ಸರ್ವಭಾಷಾ ಕವಿ ಸಮ್ಮೇಳನ. ಬೇರೆ ಬೇರೆ ಭಾಷೆಯ ಕವಿತೆಗಳು ನಮ್ಮ ನಿಲಯಗಳಿಂದ ಕನ್ನಡದಲ್ಲಿ ಬರುತ್ತವೆ. ಮನೆಯವರನ್ನೂ ಕೂರಿಸಿಕೊಂಡು ಕೇಳಿ. ಯಾವ ಭಾಷೆಯ ಕವಿತೆ ಹಿಡಿಸಿತು ಎಂದು ಬರೆದು ಕಳಿಸಿ. ಆ ಪತ್ರವನ್ನೂ ಅಚ್ಚು ಹಾಕುತ್ತೇವೆ.

– ಸಂಪಾದಕ