ಒಪ್ಪಿಗೆಯಿದ್ದರೆ ಕಡಿಮೆ ಸಂಬಳ ಕೊಡಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಹನ್ನೆರಡು ಕೆಲಸಗಾರರಿರುವ ದರ್ಶಿನಿ ನಡೆಸುತ್ತಿದ್ದೇನೆ. ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಏರುತ್ತದೆ. ಕೆಲಸಗಾರರು ಒಪ್ಪಿದರೆ ಹಳೆಯ ಸಂಬಳವನ್ನೇ ಮುಂದುವರಿಸಬಹುದೇ?

ಉತ್ತರ: ಸಾಧ್ಯವಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವ ಒಪ್ಪಂದವು, ನೌಕರರೇ ಸಹಿ ಹಾಕಿದ್ದರೂ, ಕಾನೂನಿನ ಮುಂದೆ ನಿಲ್ಲುವುದಿಲ್ಲ. ಏಪ್ರಿಲ್‌ನ ಏರಿಕೆಯು ಬೆಲೆ ಸೂಚ್ಯಂಕಕ್ಕೆ ತಳಕು ಹಾಕಿದ ತುಟ್ಟಿಭತ್ಯೆಯದ್ದಾದ್ದರಿಂದ ಅದಕ್ಕೆ ಮೊದಲೇ ಸಿದ್ಧರಾಗಬಹುದು. ನಿಜವಾಗಿ ಹೊರೆಯಾಗುವುದು ಮೂಲ ವೇತನದ ಪರಿಷ್ಕರಣೆ. ಹತ್ತು ಅಥವಾ ಹೆಚ್ಚು ನೌಕರರಿರುವ ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆಯಲ್ಲಿ ಮಾಲೀಕರ ಪಾಲಾದ, ಸಂಬಳದ ಶೇ 3.25ರ ಮೊತ್ತವೂ, ಹೆಚ್ಚುವರಿ ಗಂಟೆಗಳಿಗೆ ಕೊಡಬೇಕಾದ ದುಪ್ಪಟ್ಟು ದರವೂ ಸಂಬಳದ ಜೊತೆಗೇ ಏರುತ್ತವೆ. ಇಡ್ಲಿಯ ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆಂಬ ನಿಮ್ಮಂಥವರ ಭಯ ಸುಳ್ಳಲ್ಲ, ಆದರೆ ಆ ಹೋಟೆಲಿಗೂ ಇದೇ ವೇತನ ಅನ್ವಯಿಸುತ್ತದೆ. ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲಿಗೆ ತಕ್ಕಂತೆ ಪಾಳಿಗಳನ್ನು ಹೊಂದಿಸಿ, ಮೊದಲು ಹೆಚ್ಚುವರಿ ಗಂಟೆಗಳ ಖರ್ಚನ್ನು ತಗ್ಗಿಸಿಕೊಳ್ಳಿ.