ಹಠವಲ್ಲ, ಬಚ್ಚಲಿನ ಮೆಟ್ಟಿಲು

ನಿಮ್ಮ ಐದು ಪುಟಗಳ ಪತ್ರದಲ್ಲಿ ನಾಲ್ಕು ಪುಟಗಳನ್ನು ಅತ್ತಿಗೆಯವರೇ ತುಂಬಿಕೊಂಡಿದ್ದಾರೆ. ಉಳಿದ ಒಂದು ಪುಟದಲ್ಲಿ ತಾಯಿ, ಅಣ್ಣ, ತೀರಿಕೊಂಡ ತಂದೆ, ಊರಮನೆಯ ಹಿಸ್ಸೆ ಎಲ್ಲಕ್ಕೂ ಜಾಗ ಸಿಕ್ಕಿ, ಯಾರ ಸಲುವಾಗಿ ಪತ್ರ ಬರೆದಿರೋ ಆ ತಮ್ಮನ ಪಾಲಿಗೆ ಬಂದಿರುವುದು ಆರು ಸಾಲು. ಮೂರು ದಿನಗಳಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಆ ಆರು ಸಾಲುಗಳೇ.

ಉಳಿದ ಓದುಗರಿಗಾಗಿ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ತಮ್ಮನಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ. ಈಗ 46 ವರ್ಷ. ಮಲೆನಾಡಿನ ಊರಮನೆಯಲ್ಲಿ 75 ವರ್ಷದ ತಾಯಿಯೊಂದಿಗೆ ಇದ್ದಾರೆ. ತಂದೆ ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದವರು, ತೀರಿಕೊಂಡು ಎರಡು ವರ್ಷವಾಗುತ್ತಿದೆ. ನೀವು ದಾವಣಗೆರೆಯಲ್ಲಿ ಉದ್ಯೋಗದಲ್ಲಿದ್ದೀರಿ, ಅಣ್ಣ ಬೆಂಗಳೂರಿನಲ್ಲಿದ್ದಾರೆ. ಮುಂದಿನ ತಿಂಗಳು ತಂದೆಯ ತಿಥಿಗೆ ಎಲ್ಲರೂ ಸೇರಿದಾಗ, ಊಟವಾದ ಮೇಲೆ ತಮ್ಮನನ್ನು ಟಿ.ವಿ. ನೋಡಲು ಪಕ್ಕದ ಮನೆಗೆ ಕಳುಹಿಸಿ, ಅಮ್ಮನ ನಂತರ ಅವರು ಯಾರ ಮನೆಯಲ್ಲಿ ಇರಬೇಕು, ಇಲ್ಲವೇ ಯಾವ ಆಶ್ರಮಕ್ಕೆ ಸೇರಬೇಕು ಎಂದು ತೀರ್ಮಾನಿಸುವವರಿದ್ದೀರಿ. ಅತ್ತಿಗೆ ಒಪ್ಪುತ್ತಿಲ್ಲ, ಅವರನ್ನು ಒಪ್ಪಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಆ ಆರು ಸಾಲುಗಳು ಹೀಗಿವೆ: 'ಈಚೆಗೆ ಅವನ ಹಠ ಹೆಚ್ಚಾಗಿದೆ. ಬಚ್ಚಲಿಗೆ ಇಳಿ ಎಂದರೆ ಬಾಗಿಲಲ್ಲೇ ನಿಂತುಬಿಡುತ್ತಾನೆ. ಇಪ್ಪತ್ತು ವರ್ಷದಿಂದ ಡೈರಿಗೆ ಹೋಗಿ ಹಾಲು ತರುತ್ತಿದ್ದವನು ಎರಡು ಸಲ ಖಾಲಿ ಕ್ಯಾನು ಹಿಡಿದು ವಾಪಸು ಬಂದ. ಪೈಜಾಮದ ಒಂದೇ ಕಾಲಿಗೆ ಎರಡೂ ಕಾಲು ತೂರಿಸುತ್ತಾನೆ. ಅಮ್ಮ ಬೈದರೆ ಅಳುತ್ತಾನೆ. ಊರಿನ ಡಾಕ್ಟರು, ಇಂಥ ಮಕ್ಕಳು ಹೀಗೇ ಎಂದರು.' 46 ವರ್ಷದ ಗಂಡಸನ್ನು ಮಗು ಎಂದು ಕರೆದ ಆ ವೈದ್ಯರು ಅವರ ಕಣ್ಣಿಗೆ ಟಾರ್ಚ್ ಹಾಕಿ ನೋಡಿದರೆಂದು ನೀವು ಎಲ್ಲಿಯೂ ಬರೆದಿಲ್ಲ.

ಪತ್ರದ ಇನ್ನೊಂದು ಮೂಲೆಯಲ್ಲಿ, ಅಣ್ಣ ಮನೆಗೆ ಏನೇನು ಮಾಡಿದ್ದಾರೆ ಎಂದು ಪಟ್ಟಿ ಕೊಡುವಾಗ, ಕಳೆದ ವರ್ಷ ಅವರ ಹಣದಲ್ಲಿ ಬಚ್ಚಲಿಗೆ ಕಡಪ ಕಲ್ಲು ಹಾಕಿಸಿದ ಸಂಗತಿಯೂ ಬರುತ್ತದೆ. ಅಡುಗೆಮನೆಯ ಕೆಂಪು ಗಾರೆ ನೆಲದಿಂದ ಒಂದು ಮೆಟ್ಟಿಲು ಇಳಿದರೆ ಕಪ್ಪು ಕಲ್ಲು, ಅದರ ಮೇಲೆ ನೀರು, ಸಣ್ಣ ಕಿಟಕಿಯ ಮಂದ ಬೆಳಕು. ಕಣ್ಣಿಗೆ ಪೊರೆ ಬಂದವರಿಗೆ, ಅಥವಾ ಆಳವನ್ನು ಅಂದಾಜು ಮಾಡುವ ಶಕ್ತಿ ಕುಂದಿದವರಿಗೆ ಅದು ನೆಲವಾಗಿ ಕಾಣುವುದಿಲ್ಲ, ಗುಂಡಿಯಾಗಿ ಕಾಣುತ್ತದೆ. ನಿಮ್ಮ ತಮ್ಮ ದಿನಾ ಬೆಳಿಗ್ಗೆ ಒಂದು ಗುಂಡಿಯ ಅಂಚಿನಲ್ಲಿ ನಿಂತಿರುತ್ತಾರೆ, ಹಿಂದಿನಿಂದ ತಾಯಿ 'ಇಳಿಯೋ' ಎಂದು ಗದರುತ್ತಿರುತ್ತಾರೆ. ಇದು ಹಠವೇ?

ಡೌನ್ ಸಿಂಡ್ರೋಮ್ ಇರುವವರು ಮುಪ್ಪನ್ನು ಕಾಣುವುದೇ ಇಲ್ಲವೆಂದು ನಮ್ಮ ಹಿರಿಯರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲೇ ಅವರ ಸರಾಸರಿ ಆಯಸ್ಸು 25ರ ಆಸುಪಾಸಿನಲ್ಲಿತ್ತು. ಇಂದು ಅದು 60ರ ಹತ್ತಿರಕ್ಕೆ ಬಂದಿದೆ. ಆದರೆ ಅವರಿಗೆ ಮುಪ್ಪು ನಮಗಿಂತ ಬೇಗ ಬರುತ್ತದೆ. ನಲವತ್ತು ದಾಟುತ್ತಿದ್ದಂತೆ ಕಣ್ಣಿಗೆ ಪೊರೆ ಬರಬಹುದು, ಕಿವಿ ಮಂದವಾಗಬಹುದು, ಥೈರಾಯ್ಡ್ ಸೊರಗಬಹುದು, ನಿದ್ರೆಯಲ್ಲಿ ಉಸಿರು ನಿಂತು ನಿಂತು ಹಗಲೆಲ್ಲ ಮಂಕು ಕವಿಯಬಹುದು. ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ವಸ್ತುವಿಗೆ ಮೂಲವಾದ ಜೀನ್ ಇರುವುದು 21ನೇ ವರ್ಣತಂತುವಿನಲ್ಲಿ. ಇವರಲ್ಲಿ ಆ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಮರೆವಿನ ಕಾಯಿಲೆಯೂ ಐವತ್ತರ ಸುಮಾರಿಗೇ ತಲೆದೋರಬಹುದು. ಅದು ಎಷ್ಟೋ ಸಲ ಮರೆವಾಗಿ ಆರಂಭವಾಗದೆ ಮೊಂಡುತನವಾಗಿ, ಅಳುವಾಗಿ, ದಿನನಿತ್ಯದ ಕೆಲಸ ತಪ್ಪುವುದಾಗಿ ಕಾಣಿಸಿಕೊಳ್ಳುತ್ತದೆ.

ಇದನ್ನು ಓದಿ ಕೂಡಲೇ 'ಹಾಗಾದರೆ ಅವನಿಗೆ ಅಲ್ಝೈಮರ್' ಎಂದು ಮನೆಯವರಿಗೆ ಫೋನ್ ಮಾಡಬೇಡಿ. ಥೈರಾಯ್ಡ್ ಕೊರತೆ, ಬಿ12 ಕೊರತೆ, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಕಣ್ಣಿನ ಪೊರೆ ಇವೆಲ್ಲ ಹೊರನೋಟಕ್ಕೆ ಅದನ್ನೇ ಹೋಲುತ್ತವೆ, ಮತ್ತು ಇವಕ್ಕೆಲ್ಲ ಚಿಕಿತ್ಸೆ ಇದೆ. ದುಃಖವೂ ಹಾಗೆಯೇ ಕಾಣುತ್ತದೆ. ತಂದೆಯ ಕರ್ಮಾಂತರದ ದಿನಗಳಲ್ಲಿ 'ಅವನಿಗೇನು ತಿಳಿಯುತ್ತದೆ' ಎಂದು ಅವರನ್ನು ಪಕ್ಕದ ಮನೆಯಲ್ಲಿ ಕೂರಿಸಿದ್ದಾಗಿ ಬರೆದಿದ್ದೀರಿ. ನಲವತ್ತನಾಲ್ಕು ವರ್ಷ ಜೊತೆಗಿದ್ದ ಅಪ್ಪ ಎಲ್ಲಿ ಹೋದರೆಂದು ಅವರಿಗೆ ಯಾರಾದರೂ ಹೇಳಿದಿರಾ?

ಇನ್ನು ಅತ್ತಿಗೆಯ ವಿಷಯ. 'ಅವಳು ಒಪ್ಪುವುದಿಲ್ಲ' ಎಂಬ ಮಾತು ನಿಮ್ಮ ಪತ್ರದಲ್ಲಿ ಏಳು ಕಡೆ ಬಂದಿದೆ, ಏಳೂ ಕಡೆ ಅದನ್ನು ಆಡಿದವರು ನಿಮ್ಮ ಅಣ್ಣ. ಆಕೆಯ ಬಾಯಿಂದಲೇ ಬಂದ ಒಂದು ಮಾತೂ ಇಲ್ಲ. ಹೆಂಡತಿಯನ್ನು ಗುರಾಣಿಯಾಗಿ ಹಿಡಿದು, ಹಿಂದಿನಿಂದ 'ಎಷ್ಟು ಖರ್ಚಾದರೂ ಕೊಡುತ್ತೇನೆ' ಎನ್ನುವ ಗಂಡಸರ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ, ಇನ್ನೊಮ್ಮೆ ಬೈಸಿಕೊಳ್ಳಲು ಸಿದ್ಧಳಿದ್ದೇನೆ. ತಾವು ಹುಟ್ಟಿದ ಮನೆಯ ಹೊಣೆಯನ್ನು ಮದುವೆಯಾಗಿ ಬಂದವಳ ಹೆಗಲಿಗೇರಿಸಿ, ಅವಳು ಹಿಂಜರಿದರೆ ಕಲ್ಲೆದೆಯವಳು ಎನ್ನುವುದು ನ್ಯಾಯವಲ್ಲ. ನಿಮ್ಮ ತಾಯಿಯ ಬಗ್ಗೆ ನನಗೆ ಕನಿಕರವಿದೆ. ನಲವತ್ತಾರು ವರ್ಷ ಒಬ್ಬರನ್ನೇ ನೋಡಿಕೊಂಡ ಜೀವಕ್ಕೆ ಗದರುವಷ್ಟು ದಣಿವಾಗಿರುವುದು ಸಹಜ. ನಿಮ್ಮ ಬಗ್ಗೆ ಕನಿಕರ ಸ್ವಲ್ಪ ಕಡಿಮೆ, ಏಕೆಂದರೆ ಇಷ್ಟು ಸೂಕ್ಷ್ಮವಾಗಿ ಎಲ್ಲವನ್ನೂ ಗಮನಿಸಿಯೂ ಅದಕ್ಕೆ ಹಠವೆಂದು ಹೆಸರಿಟ್ಟವರು ನೀವು.

ಕಾಗದಪತ್ರಗಳ ಕೆಲಸವೂ ಇದೆ, ಅದು ಕಾಯಬಲ್ಲದು. ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ; ಇಂಥ ಅಂಗವೈಕಲ್ಯ ಇರುವವರಿಗಾಗಿ ಮಾಡಿದ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ. ಅದೇ ನ್ಯಾಸದ 'ನಿರಾಮಯ' ವಿಮೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ರಕ್ಷಣೆಯಿದ್ದು, ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ತಂದೆಯ ಕುಟುಂಬ ಪಿಂಚಣಿ ತಾಯಿಯ ನಂತರ ದುಡಿಯಲಾಗದ ಮಗನಿಗೆ ಮುಂದುವರಿಯಲು ಅವಕಾಶವಿದೆ. ಅವರ ಹೆಸರನ್ನು ತಾಯಿ ಇರುವಾಗಲೇ ಇಲಾಖೆಯಲ್ಲಿ ದಾಖಲಿಸುವುದು ಲೇಸು. ಎಷ್ಟು ಖರ್ಚಾದರೂ ಕೊಡುವ ಅಣ್ಣ ಒಂದೆರಡು ದಿನ ರಜೆಯನ್ನೂ ಕೊಟ್ಟು ಈ ಕಚೇರಿಗಳನ್ನು ಸುತ್ತಲಿ.

ನೀವು ಮಾಡಬೇಕಾದದ್ದು ಒಂದೇ. ತಿಥಿಯ ದಿನದ ಆ ಮಾತುಕತೆಯನ್ನು ರದ್ದುಮಾಡಿ, ಅದಕ್ಕೂ ಮೊದಲು ತಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ. ಥೈರಾಯ್ಡ್ ಮತ್ತು ಬಿ12ಕ್ಕೆ ರಕ್ತಪರೀಕ್ಷೆ, ಕಣ್ಣು, ಕಿವಿ ಇವಿಷ್ಟು ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತವೆ. ನಡಿಗೆ ಬದಲಾಗಿದ್ದರೆ, ಅಥವಾ ಬಟ್ಟೆಯಲ್ಲೇ ಮೂತ್ರವಾಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ಹೇಳಿ, ಏಕೆಂದರೆ ಡೌನ್ ಸಿಂಡ್ರೋಮ್ ಇರುವವರಲ್ಲಿ ಕುತ್ತಿಗೆಯ ಮೂಳೆ ಸಡಿಲವಾಗಿ ಬೆನ್ನುಹುರಿಯನ್ನು ಒತ್ತುವ ಸಾಧ್ಯತೆಯಿರುತ್ತದೆ. ಎಲ್ಲವೂ ಸರಿಯಿದ್ದೂ ಕೆಲಸಗಳು ತಪ್ಪುತ್ತಲೇ ಹೋದರೆ ಆಗ ನಿಮ್ಹಾನ್ಸ್‌ಗೆ ಹೋಗಿ. ಅಲ್ಲಿ ಕೇಳುವ ಮೊದಲ ಪ್ರಶ್ನೆ 'ಮೊದಲು ಹೇಗಿದ್ದರು' ಎಂಬುದಾಗಿರುತ್ತದೆ. ಬೇರೆಯವರೊಂದಿಗೆ ಹೋಲಿಸಿ ಇವರ ಕುಸಿತವನ್ನು ಅಳೆಯಲಾಗದು, ಅವರ ಹಿಂದಿನ ದಿನಗಳೊಂದಿಗೇ ಹೋಲಿಸಬೇಕು. ಆದ್ದರಿಂದ ತಾಯಿಯನ್ನು ಕೂರಿಸಿಕೊಂಡು ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ: ಐದು ವರ್ಷದ ಹಿಂದೆ ಅಂಗಿಯ ಯಾವ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು, ಡೈರಿಯಲ್ಲಿ ಚಿಲ್ಲರೆ ಎಣಿಸುತ್ತಿದ್ದರೇ, ಯಾರ ಹೆಸರು ಹಿಡಿದು ಕರೆಯುತ್ತಿದ್ದರು, ಖಾಲಿ ಕ್ಯಾನಿನೊಂದಿಗೆ ಮೊದಲ ಸಲ ಬಂದದ್ದು ಯಾವ ತಿಂಗಳು. ಬರೆಯುವಾಗ ತಮ್ಮನೂ ಅಲ್ಲೇ ಇರಲಿ. ನೀವು ತಪ್ಪಿದರೆ ಅವರೇ ತಿದ್ದಿಯಾರು.

ಹೊರಡುವ ಹಿಂದಿನ ದಿನ ಬಚ್ಚಲಿನ ಮೆಟ್ಟಿಲಿನ ಅಂಚಿಗೆ ಉದ್ದಕ್ಕೂ ಹಳದಿ ಬಣ್ಣದ ಪಟ್ಟಿ ಬಳಿಸಿ, ಒಂದು ಪ್ರಖರವಾದ ಬಲ್ಬ್ ಹಾಕಿಸಿ. ಅತ್ತಿಗೆಗೆ ಫೋನ್ ಮಾಡುವುದನ್ನು ಆಸ್ಪತ್ರೆಯಿಂದ ಬಂದ ಮೇಲೆ ಇಟ್ಟುಕೊಳ್ಳಿ, ಅಣ್ಣನ ನಂಬರಿಗಲ್ಲದೆ ನೇರವಾಗಿ ಅವರ ನಂಬರಿಗೇ ಮಾಡಿ.